ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕಿಗೆ ಎರಡು ಬೆಲೆಯ ಆಫರ್: ಒಂದು ಖರೀದಿ ನಡೆದ ರೀತಿ

ಇದು ನಾನು ಜೊತೆಗಿದ್ದು ನೋಡಿದ ಒಂದು ಖರೀದಿ. ತಗೊಂಡವನನ್ನ ಇಲ್ಲಿ ಗೆಳೆಯ ಅಂತಷ್ಟೇ ಕರೀತೀನಿ, ಅಂಗಡಿ ಯಾವುದು, ಬೈಕ್ ಕಂಪನಿ ಯಾವುದು ಅನ್ನೋದು ಬೇಡ. ಬೆಲೆನೂ ನೇರವಾಗಿ ಹೇಳಲ್ಲ, ಡೀಲರ್ ಮೊದಲು ಕೇಳಿದ್ದನ್ನ 100 ಅಂತ ಇಟ್ಕೊಂಡು ಮಿಕ್ಕಿದ್ದೆಲ್ಲಾ ಅದರ ಲೆಕ್ಕದಲ್ಲೇ ಹೇಳ್ತೀನಿ, ಯಾರು ಎಲ್ಲಿ ಓದಿದ್ರೂ ಅನುಪಾತ ಉಪಯೋಗಕ್ಕೆ ಬರುತ್ತೆ. ಬೈಕ್ ಚೆಕ್ ಮಾಡೋದು ನನ್ನ ಕೆಲಸ ಆಗಿತ್ತು, ಮಾತುಕತೆ ಪೂರ್ತಿ ಅವನದೇ.

ಹಿನ್ನೆಲೆ

ಗೆಳೆಯ ವರ್ಷಗಟ್ಟಲೆ ರೋಡ್ ಬೈಕ್ ಓಡಿಸ್ದವನು, ಮಣ್ಣಿನ ರೈಡಿಂಗ್‌ಗೆ ಹೊಸಬ. ವಾರಕ್ಕೊಂದು ಸಲ ಕಾಡು ದಾರಿ, ಆಗೊಮ್ಮೆ ಈಗೊಮ್ಮೆ ಪ್ರಾಕ್ಟೀಸ್ ಟ್ರ್ಯಾಕ್, ಇಷ್ಟೇ ಅವನ ಪ್ಲಾನ್. ಇಂಥವರಿಗೆ ನಾನು ಯಾವಾಗ್ಲೂ ಏರ್ ಕೂಲ್ಡ್ (ಗಾಳಿಯಿಂದಲೇ ಎಂಜಿನ್ ತಣ್ಣಗಾಗೋ) ಟ್ರೇಲ್ ಬೈಕನ್ನೇ, ಅಂದ್ರೆ ಕಾಡು ದಾರಿಗೆ ಅಂತ ಮಾಡಿರೋದನ್ನೇ ಹೇಳೋದು, ಪವರ್ ಕಮ್ಮಿ ಇರಬಹುದು ಆದ್ರೆ ಎಣ್ಣೆ ಬದಲಾಯಿಸ್ಕೊಂಡು ಏರ್ ಫಿಲ್ಟರ್ ಕ್ಲೀನ್ ಮಾಡ್ಕೊಂಡು ಇದ್ರೆ ವರ್ಷಗಳು ಓಡುತ್ತೆ. ಮೋಟೋಕ್ರಾಸ್ ಬೈಕ್ ರೇಸಿಗೆ ಅಂತಲೇ ಮಾಡಿರೋದು, ಹೆಡ್‌ಲೈಟ್ ಇರಲ್ಲ, ರೋಡಿಗೆ ಇಳಿಸೋ ಹಾಗಿರಲ್ಲ, ಸಸ್ಪೆನ್ಷನ್ ಗಟ್ಟಿ, ಮತ್ತೆ ಅದರ ಸರ್ವಿಸ್ ಲೆಕ್ಕ ಕಿಲೋಮೀಟರಲ್ಲಿ ಇರಲ್ಲ, ಗಂಟೆಯಲ್ಲಿ ಇರುತ್ತೆ. ಪಿಸ್ಟನ್ ಕೂಡ ಇಷ್ಟು ಗಂಟೆಗೆ ಬದಲಾಯಿಸಬೇಕು ಅಂತ ಮ್ಯಾನ್ಯುಯಲ್ಲಲ್ಲೇ ಬರೆದಿರುತ್ತೆ, ರೋಡ್ ಬೈಕಿಂದ ಬಂದವರಿಗೆ ಇದು ನಂಬೋಕೇ ಆಗಲ್ಲ.

ಇಷ್ಟೆಲ್ಲಾ ಹೇಳಿದ್ರೂ ಅವನ ಮನಸ್ಸು ನಿಂತಿದ್ದು ಒಂದು 250 ಸಿಸಿ ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಬೈಕ್ ಮೇಲೆ. ಜಾಹೀರಾತಲ್ಲಿ 2020 ಮಾಡೆಲ್, ಒಬ್ಬರೇ ಓನರ್, ರೇಸ್ ಆಡಿಲ್ಲ, ಬರೀ ಟ್ರೇಲ್, ಅವರ್ ಮೀಟರ್ (ಎಂಜಿನ್ ಓಡಿದ ಗಂಟೆ ಎಣಿಸೋ ಮೀಟರ್) 38 ಗಂಟೆ ಅಂತ ಇತ್ತು. ಫೋಟೋದಲ್ಲಿ ಹೊಸ ಪ್ಲಾಸ್ಟಿಕ್, ಹೊಸ ಸ್ಟಿಕ್ಕರ್, ಹೊಸ ಗ್ರಿಪ್, ಥಳಥಳ ಅಂತಿತ್ತು. ಕೇಳಿದ ಬೆಲೆ 100, ಅದರ ಮೇಲೆ ಪೇಪರ್ ಕೆಲಸದ ಚಾರ್ಜು, ರೆಡಿ ಮಾಡಿ ಕೊಡೋ ಚಾರ್ಜು ಅಂತ ಇನ್ನೊಂದು 6.

ಮೊದಲ ಭೇಟಿಯಲ್ಲಿ ಕಂಡಿದ್ದು

ಹೋಗೋ ಮುಂಚೆ ಒಂದೇ ಒಪ್ಪಂದ ಮಾಡ್ಕೊಂಡಿದ್ವಿ, ಮೊದಲನೇ ಸಲ ದುಡ್ಡಿನ ಮಾತೇ ಎತ್ತಬಾರದು ಅಂತ. ಬೈಕ್ ಹೇಗಿದೆ ಅಂತ ಗೊತ್ತಾಗೋ ಮುಂಚೆ ಒಂದು ಸಂಖ್ಯೆ ಬಾಯಿಂದ ಬಿದ್ರೆ ಆಮೇಲೆ ಚರ್ಚೆ ಎಲ್ಲಾ ಆ ಸಂಖ್ಯೆ ಸುತ್ತಲೇ ಗಿರಕಿ ಹೊಡೆಯುತ್ತೆ.

ಹತ್ರ ಹೋಗ್ತಿದ್ದ ಹಾಗೆ ನಾನು ಮೊದಲು ಮಾಡಿದ್ದು ಎಂಜಿನ್ ಕೇಸ್ ಮುಟ್ಟಿ ನೋಡಿದ್ದು. ಬೆಚ್ಚಗಿತ್ತು. ಒಳಗಿಂದ ಹೊರಗೆ ತರೋಕೆ ಈಗಷ್ಟೇ ಸ್ಟಾರ್ಟ್ ಮಾಡಿದ್ವಿ ಅಂದ್ರು ಸೇಲ್ಸ್‌ನವರು. ನಿಜಾನೂ ಇರಬಹುದು, ಆದ್ರೆ ಇಷ್ಟು ಹಗುರ ಬೈಕನ್ನ ತಳ್ಕೊಂಡೇ ಬರಬಹುದು. ಫೋರ್ ಸ್ಟ್ರೋಕ್ ರೇಸ್ ಬೈಕಲ್ಲಿ ಇನ್‌ಟೇಕ್ ವಾಲ್ವ್ (ಎಂಜಿನ್ ಒಳಗೆ ಗಾಳಿ ಬಿಡೋ ಕವಾಟ) ಸವೆದು ಅದಕ್ಕೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಗ್ಯಾಪ್ ಕಮ್ಮಿ ಆಗಿದ್ರೆ ಮೊದಲು ಗೊತ್ತಾಗೋದೇ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡೋವಾಗ, ಹಾಗಾಗಿ ಬೆಚ್ಚಗಿರೋ ಎಂಜಿನ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತು ಅಂದ್ರೆ ಅದರಿಂದ ನಮಗೆ ಏನೂ ತಿಳಿಯಲ್ಲ. ಅವತ್ತು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತು, ಗೆಳೆಯನ ಮುಖ ಅರಳಿತು, ನಾನು ಸುಮ್ಮನೆ ಕೆಳಗೆ ಕೂತ್ಕೊಂಡು ಫ್ರೇಮ್ ನೋಡ್ತಿದ್ದೆ.

ಮೀಟರ್ ಹೇಳೋದಕ್ಕೂ ಬೈಕ್ ಹೇಳೋದಕ್ಕೂ ತಾಳೆ ಆಗ್ತಿರಲಿಲ್ಲ. ಫುಟ್‌ಪೆಗ್ ಹಲ್ಲುಗಳು ತುದಿ ಉಂಡೆ ಆಗಿದ್ವು, 38 ಗಂಟೆಗೆ ಹೀಗೆ ಆಗಲ್ಲ. ಬೂಟ್ ಉಜ್ಜೋ ಜಾಗದಲ್ಲಿ ಫ್ರೇಮ್ ನುಣ್ಣಗೆ ಹೊಳೀತಿತ್ತು, ಕ್ಲಚ್ ಕವರ್ ಮೇಲಿನ ಬಣ್ಣ ಹೋಗಿ ಲೋಹ ಕಾಣ್ತಿತ್ತು. ಪ್ಲಾಸ್ಟಿಕ್ಕು, ಸ್ಟಿಕ್ಕರ್ರು, ಗ್ರಿಪ್ಪು ಇವೆಲ್ಲಾ ಬೈಕಿನ ಅತಿ ಅಗ್ಗದ ಭಾಗಗಳು, ಒಂದು ಮಧ್ಯಾಹ್ನದಲ್ಲಿ ಬದಲಾಯಿಸಬಹುದು, ಆದ್ರೆ ಫುಟ್‌ಪೆಗ್ಗು, ಬ್ರೇಕ್ ಪೆಡಲ್ ತುದಿ, ಎಂಜಿನ್ ಕವರ್ ಇವನ್ನ ಬದಲಾಯಿಸೋಕೆ ಯಾರೂ ಹೋಗಲ್ಲ, ಅದಕ್ಕೇ ವಯಸ್ಸು ಅಲ್ಲಿ ಸಿಗುತ್ತೆ. ಇನ್ನು ಆ ಅವರ್ ಮೀಟರ್, ಅದು ಕಂಪನಿ ಕೊಟ್ಟಿದ್ದಲ್ಲ, ಆಮೇಲೆ ಅಂಟಿಸಿದ್ದು. ಸ್ಪಾರ್ಕ್ ಪ್ಲಗ್ ವೈರಿಗೆ ಒಂದು ತಂತಿ ಸುತ್ತಿದ್ರೆ ಅದು ಎಣಿಸೋಕೆ ಶುರು ಮಾಡುತ್ತೆ, ಯಾವತ್ತು ಅಂಟಿಸ್ತೀರೋ ಅವತ್ತು ಸೊನ್ನೆ. ಡೀಲರ್ ಸುಳ್ಳು ಹೇಳಿದ್ರು ಅಂತ ನಾನು ಹೇಳಲ್ಲ, ಎಕ್ಸ್‌ಚೇಂಜಲ್ಲಿ ಬಂದ ಬೈಕಿನ ಬಗ್ಗೆ ಹಳೇ ಓನರ್ ಹೇಳಿದ್ದನ್ನೇ ಅವರೂ ಹೇಳ್ತಿರಬಹುದು.

ಹೊರಡೋ ಮುಂಚೆ ಹ್ಯಾಂಡಲ್ ಕೆಳಗೆ ಸ್ಟೀರಿಂಗ್ ಹೆಡ್ ಮೇಲೆ ಕೊರೆದಿರೋ ಫ್ರೇಮ್ ನಂಬರ್ ಮತ್ತೆ ಎಂಜಿನ್ ನಂಬರ್ ಎರಡರದ್ದೂ ಫೋಟೋ ತಗೊಂಡ್ವಿ. ಇದನ್ನ ಯಾರೂ ಬಿಡಬೇಡಿ. ಅಕ್ಷರಗಳ ಮೇಲೆ ಉಜ್ಜಿದ ಗುರುತು ಇದ್ಯಾ, ಪೇಪರಲ್ಲಿರೋ ನಂಬರ್ ಜೊತೆ ಹೊಂದುತ್ತಾ, ಕಳ್ಳತನದ ದಾಖಲೆ ಇದ್ಯಾ, ಮೇಲೆ ಸಾಲ ಬಾಕಿ ಇದ್ಯಾ ಅಂತ ನೋಡೋಕೆ ಈ ನಂಬರೇ ಆಧಾರ. ನಮ್ಮ ಕೇಸಲ್ಲಿ ಅದು ಇನ್ನೊಂದು ವಿಷಯ ಹೇಳ್ತು. 17 ಅಕ್ಷರದ ಈ ನಂಬರಲ್ಲಿ ತುಂಬಾ ತಯಾರಕರು 10ನೇ ಜಾಗದಲ್ಲಿ ಮಾಡೆಲ್ ವರ್ಷ ಇಟ್ಟಿರ್ತಾರೆ, 2017ಕ್ಕೆ ಎಚ್, 2018ಕ್ಕೆ ಜೆ, 2019ಕ್ಕೆ ಕೆ, 2020ಕ್ಕೆ ಎಲ್, ಮಧ್ಯದಲ್ಲಿ ಐ ಅಕ್ಷರ ಬಳಸಲ್ಲ ಯಾಕಂದ್ರೆ ಅದು 1ರ ಥರ ಕಾಣುತ್ತೆ. ಈ ಬೈಕಲ್ಲಿ ಆ ಜಾಗದಲ್ಲಿ ಇದ್ದಿದ್ದು ಕೆ. ಅಂದ್ರೆ 2019 ಮಾಡೆಲ್ಲು, ಬಹುಶಃ 2020ರಲ್ಲಿ ಮಾರಾಟ ಆಗಿರಬೇಕು. ಫೋನಲ್ಲಿ ಕೇಳಿದಾಗ ಡೀಲರ್ ಪೇಪರ್ ನೋಡಿ ಹೌದು ಅಂತ ಒಪ್ಕೊಂಡ್ರು, ಜಗಳ ಏನೂ ಆಗಲಿಲ್ಲ, ಆದ್ರೆ ಅಲ್ಲಿಂದ ಮಾತಿನ ಧಾಟಿ ಸ್ವಲ್ಪ ಬದಲಾಯ್ತು, ಇವರು ನೋಡಿ ತಗೊಳ್ಳೋರು ಅಂತ ಅವರಿಗೂ ಗೊತ್ತಾಯ್ತು.

ತಣ್ಣಗಿರೋ ಎಂಜಿನ್

ಎರಡನೇ ಸಲ ಹೋಗೋ ಮುಂಚೆ ಗೆಳೆಯ ಫೋನ್ ಮಾಡಿ ಒಂದೇ ಮಾತು ಹೇಳಿದ, ದಯವಿಟ್ಟು ಬೈಕ್ ಸ್ಟಾರ್ಟ್ ಮಾಡಬೇಡಿ, ನಾವೇ ಬಂದು ಮಾಡ್ತೀವಿ. ಬೆಳಗ್ಗೆ ಅಂಗಡಿ ತೆಗೆಯೋ ಹೊತ್ತಿಗೇ ಹೋದ್ವಿ. ಕಿಕ್ ಮಾತ್ರ ಇರೋ ಮಾಡೆಲ್ಲು. ಚೋಕ್ ಎಳೆದು ಗೆಳೆಯ ಕಿಕ್ ಹೊಡೆದ, ಹೊಡೆದ, ಬೆವರು ಬಂತು, ಎಂಜಿನ್ ಮಾತ್ರ ಎದ್ದೇಳಲಿಲ್ಲ. ನಾನು ಹೊಡೆದೆ, ಅದೇ ಕಥೆ. ಕೊನೆಗೆ ಅಂಗಡಿ ಹುಡುಗ ಬಂದು ಇದು ತಳ್ಳಿದ್ರೆ ಆಗುತ್ತೆ ಅಂತ ಇಳಿಜಾರಲ್ಲಿ ತಳ್ಳಿ ಗೇರ್ ಹಾಕಿ ಸ್ಟಾರ್ಟ್ ಮಾಡಿದ. ಕಿಕ್ಕಿಗೆ ಬರಲ್ಲ, ತಳ್ಳಿದ್ರೆ ಬರುತ್ತೆ, ಬಿಸಿ ಆದ್ಮೇಲೆ ಸರಿಯಾಗಿರುತ್ತೆ, ಫೋರ್ ಸ್ಟ್ರೋಕ್ ಕೆಲಸ ಮಾಡೋರಿಗೆ ಈ ಮೂರೂ ಒಟ್ಟಿಗೆ ಕೇಳಿದ್ರೆ ಮೊದಲ ಅನುಮಾನ ವಾಲ್ವ್ ಮೇಲೇ ಹೋಗುತ್ತೆ. ರೇಸ್ ಬೈಕ್ ಎಲ್ಲಾ ಹೀಗೇ ಸಾರ್ ಅಂದ್ರು. ಸರಿಯಾದ ಗ್ಯಾಪ್ ಇರೋ ಎಂಜಿನ್ ಹೀಗೆ ಸತಾಯಿಸಲ್ಲ.

ಆಮೇಲೆ ಸೀಟ್ ತೆಗೆಸಿ ಏರ್ ಫಿಲ್ಟರ್ ನೋಡಿದೆ. ಫಿಲ್ಟರ್ ಹೊಸದು, ನೀಟಾಗಿ ಎಣ್ಣೆ ಹಚ್ಚಿತ್ತು. ಇಲ್ಲಿಗೆ ನಿಲ್ಲಿಸೋರು ಜಾಸ್ತಿ. ನಾನು ಫಿಲ್ಟರ್ ಹೊರಗೆ ತೆಗೆದು ಬೆರಳಿಗೆ ಬಿಳಿ ಬಟ್ಟೆ ಸುತ್ಕೊಂಡು ಅದರ ಹಿಂದಿನ ರಬ್ಬರ್ ಕೊಳವೆ ಒಳಗೆ, ಎಂಜಿನ್ ಕಡೆಗೆ ಎಷ್ಟು ಹೋಗುತ್ತೋ ಅಷ್ಟು ಒಳಗೆ ಒರೆಸಿದೆ. ಬಟ್ಟೆ ಮೇಲೆ ಕಂದು ಬಣ್ಣದ ನುಣ್ಣನೆ ಗೆರೆ, ಬೆರಳಲ್ಲಿ ತಿಕ್ಕಿದ್ರೆ ಮರಳಿನ ಹಾಗೆ ಕಿರಿಕಿರಿ ಅಂತಿತ್ತು. ಆ ಜಾಗ ಫಿಲ್ಟರ್ ದಾಟಿದ್ಮೇಲಿನದು, ಅಲ್ಲಿ ಧೂಳು ಇರೋಕೇ ಕೂಡದು. ಅಲ್ಲಿದೆ ಅಂದ್ರೆ ಯಾವತ್ತೋ ಫಿಲ್ಟರ್ ಹರಿದಿತ್ತು ಅಥವಾ ಸರಿಯಾಗಿ ಕೂತಿರಲಿಲ್ಲ, ಎಂಜಿನ್ ಮಣ್ಣು ಕುಡಿದಿದೆ. ಈ ಬೈಕುಗಳಲ್ಲಿ ಸಾಮಾನ್ಯವಾಗಿ ಇನ್‌ಟೇಕ್ ವಾಲ್ವ್ ಟೈಟಾನಿಯಂದು, ಮೇಲೆ ತೆಳು ಗಟ್ಟಿ ಲೇಪ ಇರುತ್ತೆ, ಧೂಳು ಆ ಲೇಪ ತಿಂದು ಹಾಕಿದ್ರೆ ಆಮೇಲೆ ಸವೆತ ಬಹಳ ಬೇಗ ನಡೆಯುತ್ತೆ. ತಣ್ಣನೆ ಸ್ಟಾರ್ಟಿಂಗ್ ತೊಂದರೆಗೂ ಈ ಧೂಳಿನ ಗೆರೆಗೂ ಸಂಬಂಧ ಇದೆ ಅಂತ ನನಗೆ ಅಲ್ಲೇ ಅನಿಸ್ತು, ಆದ್ರೆ ಅನಿಸೋದು ಬೇರೆ, ಅಳೆಯೋದು ಬೇರೆ.

ಮಿಕ್ಕಿದ್ದು ಬೇಗ ಬೇಗ ನೋಡಿದ್ವಿ. ಸ್ಟ್ಯಾಂಡ್ ಮೇಲೆ ಇಟ್ಟು ಹಿಂದಿನ ಚಕ್ರ ಮೇಲಕ್ಕೆ ಎತ್ತಿದ್ರೆ ಟಕ್ ಅಂತ ಸಣ್ಣ ಆಟ ಸಿಗ್ತಿತ್ತು, ಹಿಂದಿನ ಸಸ್ಪೆನ್ಷನ್ ಜೋಡಿಸೋ ಲಿಂಕೇಜಿನ ಬೇರಿಂಗ್ ಹೋಗಿದೆ. ಹಿಂದಿನ ಸ್ಪ್ರಾಕೆಟ್ ಹಲ್ಲು ಒಂದು ಕಡೆ ಬಾಗಿತ್ತು, ಚೈನು ಹಿಂದಕ್ಕೆ ಎಳೆದ್ರೆ ಹಲ್ಲು ಬಿಟ್ಟು ಏಳ್ತಿತ್ತು. ಸ್ಟೀರಿಂಗ್ ಬೇರಿಂಗ್, ಚಕ್ರದ ಬೇರಿಂಗ್, ಸ್ಪೋಕ್ ಚೆನ್ನಾಗಿದ್ವು. ಫ್ರೇಮಲ್ಲಿ ಫುಟ್‌ಪೆಗ್ ಹತ್ರ, ಲಿಂಕೇಜ್ ಹತ್ರ ಬಿರುಕು ಇರಲಿಲ್ಲ, ಇದ್ದಿದ್ರೆ ಮಾತುಕತೆ ಅಲ್ಲೇ ಮುಗೀತಿತ್ತು, ಬಿರುಕು ಬಿಟ್ಟ ಫ್ರೇಮಿಗೆ ಯಾವ ಡಿಸ್ಕೌಂಟೂ ಸಾಲಲ್ಲ. ಫೋರ್ಕ್ ಒಂದರಿಂದ ಎಣ್ಣೆ ಜಿನುಗ್ತಿತ್ತು, ಅದು ಸೀಲ್ ಕೆಳಗೆ ಸಿಕ್ಕ ಮಣ್ಣಿಂದಲೂ ಆಗುತ್ತೆ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮಣ್ಣು ತೆಗೆದ್ರೆ ನಿಲ್ಲಬಹುದು ಅಂತ ಅದನ್ನ ಬೆಲೆ ಲೆಕ್ಕಕ್ಕೆ ಸೇರಿಸ್ಲಿಲ್ಲ. ಇಲ್ಲಿ ಒಂದು ಮಾತು, ಸಣ್ಣಪುಟ್ಟದ್ದನ್ನೆಲ್ಲಾ ದೊಡ್ಡದು ಮಾಡಿ ಹೇಳಿದ್ರೆ ನಿಜವಾದ ದೊಡ್ಡ ದೋಷ ಹೇಳೋವಾಗ ಎದುರಿನವರು ಅದನ್ನೂ ಹಗುರವಾಗಿ ತಗೋತಾರೆ.

ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಗೇಜಲ್ಲಿ ನೋಡೋದು) ಮಾಡೋಣ ಅಂತ ಅಂಗಡಿಯವರೇ ಹೇಳಿದ್ರು. ಟೂ ಸ್ಟ್ರೋಕ್ ಆಗಿದ್ರೆ ನಾನೇ ಕೇಳ್ತಿದ್ದೆ. ಇಂಥ ಫೋರ್ ಸ್ಟ್ರೋಕಲ್ಲಿ ಕಿಕ್ ಸುಲಭ ಆಗ್ಲಿ ಅಂತ ಆಟೋ ಡಿಕಂಪ್ರೆಷನ್ ಇರುತ್ತೆ, ಕಿಕ್ ಹೊಡೆಯೋವಾಗ ಅದು ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವನ್ನ ಸ್ವಲ್ಪ ತೆರೆದಿಡುತ್ತೆ, ಗೇಜಲ್ಲಿ ಬರೋ ಸಂಖ್ಯೆ ನಂಬೋ ಹಾಗಿರಲ್ಲ. ಲೀಕ್ ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು) ಆದ್ರೆ ಸರಿ, ಇಲ್ಲಾಂದ್ರೆ ನೇರವಾಗಿ ವಾಲ್ವ್ ಗ್ಯಾಪ್ ಅಳೆಯೋದು.

ಎರಡು ಬೆಲೆ

ಗೆಳೆಯ ಕೇಳಿದ್ದು ಇಷ್ಟೇ, ಹೊರಗಿನ ಮೆಕ್ಯಾನಿಕ್ ಕರ್ಕೊಂಡು ಬರ್ತೀನಿ, ನಿಮ್ಮ ಅಂಗಡಿಯಲ್ಲೇ, ನಿಮ್ಮ ಮುಂದೇನೇ ವಾಲ್ವ್ ಗ್ಯಾಪ್ ಅಳೆಯಲಿ, ಖರ್ಚು ನಂದು. ಆಗಲ್ಲ ಅಂದ್ರು. ಹೊರಗಿನವರು ಬೈಕ್ ಬಿಚ್ಚೋ ಹಾಗಿಲ್ಲ, ನಮ್ಮ ಮೆಕ್ಯಾನಿಕ್ ನೋಡಿದಾನೆ, ಎಲ್ಲಾ ಪರ್ಫೆಕ್ಟ್. ಬೇಡ ಅಂದಿದ್ದೇ ದೋಷಕ್ಕೆ ಸಾಕ್ಷಿ ಅಂತ ನಾನು ತಗೊಳ್ಳಲ್ಲ, ಅಂಗಡಿಗೆ ಅವರದೇ ನಿಯಮ ಇರಬಹುದು. ಆದ್ರೆ ಅಳೆಯದೇ ಇರೋ ಎಂಜಿನ್ನಿಗೆ ಅಳೆದ ಎಂಜಿನ್ನಿನ ಬೆಲೆ ಕೊಡೋಕೆ ಆಗಲ್ಲ.

ಆಗ ಮಾಮೂಲಿ ಮಾತುಗಳು ಶುರುವಾದ್ವು. ಸಂಜೆ ಇನ್ನೊಬ್ಬರು ಬರ್ತಿದಾರೆ ಅಂದ್ರು, ಬೇಕಿದ್ರೆ ಕಂತಲ್ಲಿ ಕೊಡ್ತೀವಿ ತಿಂಗಳಿಗೆ ಇಷ್ಟೇ ಬೀಳುತ್ತೆ ಅಂದ್ರು, 95ಕ್ಕೆ ಇಳಿಸಿ ಹೆಲ್ಮೆಟ್ಟು ಗ್ಲೌಸು ಫ್ರೀ ಅಂದ್ರು. ಗೆಳೆಯ ಇಲ್ಲಿ ಚೆನ್ನಾಗಿ ನಿಂತ. ಪ್ರತಿ ಸಲ ಅವನು ಕೇಳಿದ್ದು ಒಂದೇ ಪ್ರಶ್ನೆ, ಎಲ್ಲಾ ಚಾರ್ಜ್ ಸೇರಿ ಬೈಕ್ ನಿಮ್ಮ ಬಾಗಿಲು ದಾಟೋಕೆ ಒಟ್ಟು ಎಷ್ಟು? ಕಂತಿನ ಮಾತಿಗೆ ಇಳಿದ್ರೆ ಒಟ್ಟು ಬೆಲೆ ಕಣ್ಮರೆ ಆಗುತ್ತೆ, 95 ಅಂದಿದ್ದೂ ಚಾರ್ಜ್ ಸೇರಿದ್ರೆ 101 ಆಗ್ತಿತ್ತು. ಇನ್ನೊಂದು ಪ್ರಶ್ನೆ ಮಧ್ಯದಲ್ಲಿ ಸಹಜವಾಗಿ ಕೇಳಿದ, ಈ ಬೈಕ್ ನಿಮ್ಮ ಹತ್ರ ಬಂದು ಎಷ್ಟು ದಿನ ಆಯ್ತು ಅಂತ. ಕೆಲವು ತಿಂಗಳು ಅಂದ್ರು. ನಿಂತ ಬೈಕ್ ಡೀಲರಿಗೆ ಜಾಗ ತಿನ್ನುತ್ತೆ, ಹಾಕಿದ ದುಡ್ಡು ಅಲ್ಲೇ ಸಿಕ್ಕಿಕೊಂಡಿರುತ್ತೆ, ಅದೂ ರೈಡಿಂಗ್ ಸೀಸನ್ ಮುಗೀತಿರೋ ಹೊತ್ತು.

ಅವತ್ತು ಹೊರಡೋ ಮುಂಚೆ ಗೆಳೆಯ ಒಂದು ಹಾಳೆಯಲ್ಲಿ ಬರೆದು ಕೊಟ್ಟ. ಕಂಡ ದೋಷಗಳು, 2019 ಮಾಡೆಲ್ ಅನ್ನೋದು, ಕೆಳಗೆ ಎರಡು ಬೆಲೆ. ವಾಲ್ವ್ ಅಳೆದು ಮ್ಯಾನ್ಯುಯಲ್ ಮಿತಿಯೊಳಗೆ ಇದ್ರೆ ಎಲ್ಲಾ ಸೇರಿ 90, ಅವತ್ತೇ ಪೂರ್ತಿ ಪೇಮೆಂಟ್. ಅಳೆಯೋಕೆ ಬಿಡದಿದ್ರೆ ಅಥವಾ ಮಿತಿ ಮೀರಿದ್ರೆ ಎಲ್ಲಾ ಸೇರಿ 68, ಯಾಕಂದ್ರೆ ಹೆಡ್ಡು (ಎಂಜಿನ್ನಲ್ಲಿ ವಾಲ್ವ್ ಇರೋ ಮೇಲ್ಭಾಗ), ಪಿಸ್ಟನ್ ಕೆಲಸದ ಖರ್ಚು ಅವನೇ ಹೊರಬೇಕಾಗುತ್ತೆ. ಫೋನ್ ನಂಬರ್ ಬರೆದು, ಥ್ಯಾಂಕ್ಸ್ ಹೇಳಿ ಬಂದ್ವಿ. ಅಡ್ವಾನ್ಸ್ ಕೊಡ್ಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಈ ಹಾಳೆಯಿಂದ. ಒಂದೇ ಬೆಲೆ ಹೇಳಿದ್ರೆ ಅದು ನಮ್ಮ ಹಠ, ಅವರದು ಇನ್ನೊಂದು ಹಠ, ಮಧ್ಯದಲ್ಲಿ ಎಲ್ಲೋ ನಿಲ್ಲುತ್ತೆ, ಬೈಕಿನ ಸ್ಥಿತಿಗೂ ಅದಕ್ಕೂ ಸಂಬಂಧ ಇರಲ್ಲ. ಎರಡು ಬೆಲೆ ಇಟ್ರೆ ತೀರ್ಮಾನ ಮಾಡೋದು ಫೀಲರ್ ಗೇಜ್, ಅಂದ್ರೆ ಗ್ಯಾಪ್ ಅಳೆಯೋ ತೆಳು ಲೋಹದ ಪಟ್ಟಿಗಳು. ಎಲ್ಲಾ ಪರ್ಫೆಕ್ಟ್ ಅಂತ ಹೇಳ್ತಿರೋ ಡೀಲರಿಗೆ ಜಾಸ್ತಿ ಬೆಲೆ ಪಡ್ಕೊಳ್ಳೋ ದಾರಿ ತೆರೆದೇ ಇದೆ, ಅಳೆಯೋಕೆ ಬಿಟ್ರೆ ಸಾಕು. ಅವರ ಮಾತನ್ನ ನಾವು ಸುಳ್ಳು ಅನ್ನಬೇಕಾಗಿಲ್ಲ, ಯಾರ ಮರ್ಯಾದೆನೂ ಹೋಗಲ್ಲ.

ಅಳೆದಾಗ

ಕೆಲವು ದಿನ ಸುದ್ದಿ ಇಲ್ಲ. ಗೆಳೆಯ ಚಡಪಡಿಸ್ದ, ಫೋನ್ ಮಾಡ್ಲಾ ಅಂತ ಕೇಳ್ತಾನೇ ಇದ್ದ, ಬೇಡ ಅಂದೆ. ಹೇಳಬೇಕಾಗಿದ್ದೆಲ್ಲಾ ಬರೆದು ಕೊಟ್ಟಾಗಿದೆ, ಮತ್ತೆ ನಾವೇ ಫೋನ್ ಮಾಡಿದ್ರೆ 68 ಅನ್ನೋದು ಬಾಯಿ ಮಾತು ಅಂತ ಆಗುತ್ತೆ. ಆಮೇಲೆ ಅವರೇ ಫೋನ್ ಮಾಡಿದ್ರು, ಮೆಕ್ಯಾನಿಕ್ ಕರ್ಕೊಂಡು ಬನ್ನಿ, ಬಿಚ್ಚೋದು ನಮ್ಮವನೇ ಬಿಚ್ತಾನೆ, ಅಳತೆ ನಿಮ್ಮವರು ನೋಡ್ಲಿ ಅಂತ. ಇದು ಚೆನ್ನಾಗಿರೋ ಏರ್ಪಾಡು, ಇಬ್ಬರಿಗೂ ಸಮಾಧಾನ.

ಎಂಜಿನ್ ಪೂರ್ತಿ ತಣ್ಣಗಿತ್ತು, ವಾಲ್ವ್ ಗ್ಯಾಪ್ ತಣ್ಣಗಿರೋವಾಗಲೇ ಅಳೆಯಬೇಕು. ಟ್ಯಾಂಕ್ ತೆಗೆದು, ವಾಲ್ವ್ ಕವರ್ ತೆಗೆದು, ಪಿಸ್ಟನ್ ಮೇಲಿನ ತುದಿಗೆ ತಂದು ನಿಲ್ಲಿಸಿದ್ರು. ಎಕ್ಸಾಸ್ಟ್ ಎರಡೂ ಸರಿ. ಇನ್‌ಟೇಕಲ್ಲಿ ಇರಬೇಕಾದ ಗ್ಯಾಪ್ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಎಡಗಡೆ ವಾಲ್ವಲ್ಲಿ ಅದರ ಅರ್ಧ ಇತ್ತು, ಬಲಗಡೆ ಸೆಟ್ಟಲ್ಲಿರೋ ಅತಿ ತೆಳು ಗೇಜೂ ತೂರಲಿಲ್ಲ. ಸೊನ್ನೆ. ಅಂಗಡಿ ಮೆಕ್ಯಾನಿಕ್ ತಾನೇ ಒಂದು ಸಲ ತೂರಿಸಿ ನೋಡಿ ಸುಮ್ಮನಾದ. ಗ್ಯಾಪ್ ಹೊಂದಿಸೋಕೆ ಇಡೋ ಷಿಮ್ ಅನ್ನೋ ಸಣ್ಣ ಬಿಲ್ಲೆ ತೆಗೆದು ನೋಡಿದ್ರೆ ಅದರ ಮೇಲಿನ ಅಂಕಿ ಕಂಪನಿ ಹಾಕೋದಕ್ಕಿಂತ ತುಂಬಾ ತೆಳುವಿನದು, ಅಂದ್ರೆ ಯಾರೋ ಆಗ್ಲೇ ಷಿಮ್ ಬದಲಾಯಿಸಿ ದಿನ ದೂಡಿದಾರೆ. 38 ಗಂಟೆಯ ಬೈಕಲ್ಲಿ ಹೀಗಾಗೋದು ಅಪರೂಪ.

ಡೀಲರ್ ತಕ್ಷಣ ಪರಿಹಾರ ಹೇಳಿದ್ರು, ಇನ್ನೂ ತೆಳು ಷಿಮ್ ಹಾಕಿ ಗ್ಯಾಪ್ ಸರಿ ಮಾಡಿ ಕೊಡ್ತೀವಿ, ಆಗ ಮಿತಿಯೊಳಗೆ ಬಂತಲ್ಲ, 90 ಕೊಡಿ. ಕೇಳೋಕೆ ನ್ಯಾಯ ಅನಿಸುತ್ತೆ, ಗೆಳೆಯನೂ ಒಂದು ಕ್ಷಣ ನನ್ನ ಮುಖ ನೋಡಿದ. ಲೇಪ ಹೋದ ಟೈಟಾನಿಯಂ ವಾಲ್ವಿಗೆ ಷಿಮ್ ಹಾಕೋದು ಒಡೆದ ಕೊಡಕ್ಕೆ ಮೇಣ ಹಚ್ಚಿದ ಹಾಗೆ, ಸ್ವಲ್ಪ ದಿನ ನಿಲ್ಲುತ್ತೆ, ಮತ್ತೆ ಸೊನ್ನೆಗೆ ಬರುತ್ತೆ, ಹಾಗೇ ಓಡಿಸಿದ್ರೆ ವಾಲ್ವ್ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದು ಎಂಜಿನ್ನೇ ಹೋಗಬಹುದು. ಎರಡನೇ ದಾರಿ, ಡೀಲರೇ ಹೆಡ್ ಕೆಲಸ ಮಾಡಿಸಿ ಕೊಡೋದು. ಇದನ್ನ ಬೇಡ ಅಂದಿದ್ದು ಗೆಳೆಯನೇ, ಯಾವ ವಾಲ್ವ್ ಹಾಕಿದ್ರು, ವಾಲ್ವ್ ಕೂರೋ ಸೀಟ್ ಕಟ್ ಮಾಡಿಸಿದ್ರಾ ಇಲ್ವಾ ಅಂತ ಹೊರಗಿಂದ ಗೊತ್ತಾಗಲ್ಲ, ನಾನು ಆರಿಸಿದ ಮೆಕ್ಯಾನಿಕ್ ಹತ್ರ, ಬಿಲ್ ನನ್ನ ಕೈಯಲ್ಲಿ ಇಟ್ಕೊಂಡು ಮಾಡಿಸ್ಕೋತೀನಿ ಅಂದ. ಸರಿಯಾದ ನಿರ್ಧಾರ.

ಉಳಿದಿದ್ದು 68. ಇಲ್ಲಿ ಡೀಲರಿನ ಪರಿಸ್ಥಿತಿನೂ ನೋಡಬೇಕು. ನಿನ್ನೆವರೆಗೂ ಅವರಿಗೆ ಎಂಜಿನ್ ಒಳಗೇನಿದೆ ಅಂತ ಗೊತ್ತಿಲ್ಲ ಅನ್ನಬಹುದಿತ್ತು, ಈಗ ಅವರ ಮೆಕ್ಯಾನಿಕ್ಕೇ ಅಳೆದಿದಾನೆ. ಮುಂದಿನ ಗಿರಾಕಿಗೆ ಹೇಳಲೇಬೇಕು, ಇಲ್ಲಾ ದುಡ್ಡು ಹಾಕಿ ರಿಪೇರಿ ಮಾಡಿಸಬೇಕು. ಗೆಳೆಯ ಅದನ್ನ ಬಾಯಿಬಿಟ್ಟು ಹೇಳಿ ಚುಚ್ಚಲಿಲ್ಲ, ಹಾಳೆ ತೋರಿಸಿ ಇದು ನಾನು ಮೊದಲೇ ಹೇಳಿದ್ದು ಅಂತ ಹೇಳಿ ಸುಮ್ಮನೆ ಕೂತ. ಆ ಮೌನ ತುಂಬಾ ಕೆಲಸ ಮಾಡ್ತು. 80 ಅಂದ್ರು, 76 ಅಂದ್ರು, ಕೊನೆಗೆ ಎಲ್ಲಾ ಚಾರ್ಜ್ ಸೇರಿ 73ಕ್ಕೆ ನಿಂತ್ರು. 68ಕ್ಕೇ ಹಠ ಹಿಡೀಬಹುದಿತ್ತು, ಆದ್ರೆ ಫ್ರೇಮು, ಚಕ್ರ ಗಟ್ಟಿ ಇರೋ ಬೈಕು, ಡೀಲರ್ ಅಳತೆಗೆ ಬಾಗಿಲು ತೆರೆದಿದ್ರು, ಆ 5 ಕೊಟ್ಟಿದ್ದು ನನಗೆ ನ್ಯಾಯ ಅನಿಸ್ತು. ಬಿಲ್ಲಲ್ಲಿ 2019 ಮಾಡೆಲ್, ಅವರ್ ಮೀಟರ್ ಆಮೇಲೆ ಅಳವಡಿಸಿದ್ದು, ಇನ್‌ಟೇಕ್ ವಾಲ್ವ್ ಮಿತಿ ಮೀರಿದೆ ಅಂತ ಬರೆಸ್ಕೊಂಡ. ದೋಷ ಬರೆದಿರೋ ಬಿಲ್ ಯಾಕೆ ಅಂತ ಕೆಲವರು ಕೇಳ್ತಾರೆ, ಕೊಟ್ಟ ಬೆಲೆ ಯಾಕೆ ಕಮ್ಮಿ ಅನ್ನೋದಕ್ಕೂ ಆಮೇಲೆ ಮಾಡಿಸಿದ ಕೆಲಸಕ್ಕೂ ಅದೇ ದಾಖಲೆ.

ಲೆಕ್ಕ

ಹೆಡ್ ಕೆಲಸ, ಹೊಸ ಇನ್‌ಟೇಕ್ ವಾಲ್ವ್, ಸ್ಪ್ರಿಂಗ್, ಸೀಟ್ ಕಟಿಂಗ್, ಪಿಸ್ಟನ್ ರಿಂಗ್, ಟೈಮಿಂಗ್ ಚೈನ್, ಗ್ಯಾಸ್ಕೆಟ್ ಎಲ್ಲಾ ಸೇರಿ 19 ಆಯ್ತು. ಚೈನು, ಸ್ಪ್ರಾಕೆಟ್ಟು, ಲಿಂಕೇಜ್ ಬೇರಿಂಗ್ 5. ಬೈಕಿನ 73 ಸೇರಿ ಒಟ್ಟು 97. ಸರ್ವಿಸ್ ದಾಖಲೆ ಇರೋ, ಚೆನ್ನಾಗಿ ನೋಡ್ಕೊಂಡ 2019 ಬೈಕ್ ಆಗ ಹೆಚ್ಚುಕಮ್ಮಿ ಇದೇ ಬೆಲೆಗೆ ಸಿಗ್ತಿತ್ತು. ಅಂದ್ರೆ ಭಾರಿ ಲಾಭ ಏನೂ ಆಗಿಲ್ಲ, ಇದನ್ನ ಮುಚ್ಚಿಡಬಾರದು. ಅಳೆಯದೇ ಎರಡನೇ ಭೇಟಿಯಲ್ಲೇ 101ಕ್ಕೆ ಹೆಲ್ಮೆಟ್ ಸಮೇತ ತಗೊಂಡಿದ್ರೆ ಅವನಿಗೆ ಬೀಳ್ತಿದ್ದಿದ್ದು 125, ಅದೂ ಎಂಜಿನ್ ದಾರಿ ಮಧ್ಯದಲ್ಲಿ ಒಡೆಯದೇ ಇದ್ರೆ. ಆ ಅಂತರ ಉಳಿಸಿದ್ದು ಮಾತಿನ ಚಾತುರ್ಯ ಅಲ್ಲ, ಒಂದು ತಣ್ಣನೆ ಎಂಜಿನ್ನು, ಬಿಳಿ ಬಟ್ಟೆ, ಫೀಲರ್ ಗೇಜು. ಚೌಕಾಸಿ ಕಲಿಯೋಕೆ ಹೊರಡೋರಿಗೆ ನಾನು ಹೇಳೋದು ಮೊದಲು ಬೈಕ್ ನೋಡೋದು ಕಲೀರಿ ಅಂತ, ಆಮೇಲೆ ಆಡಬೇಕಾದ ಮಾತು ತಾನಾಗೇ ಕಮ್ಮಿ ಆಗುತ್ತೆ.

ಹಾಗೇ ನನ್ನ ಮೊದಲ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಅದೇ ಅಂಗಡಿ ಮೂಲೆಯಲ್ಲಿ ಒಂದು ಏರ್ ಕೂಲ್ಡ್ ಟ್ರೇಲ್ ಬೈಕ್ ಅರ್ಧ ಬೆಲೆಗೆ ನಿಂತಿತ್ತು, ಗೆಳೆಯ ಓಡಿಸೋ ರೀತಿಗೆ ಅದೇ ಸರಿಯಾಗಿ ಹೊಂದ್ತಿತ್ತು, ಈ ತಲೆನೋವು ಯಾವುದೂ ಇರ್ತಿರಲಿಲ್ಲ. ಹೊಸದಾಗಿ ಶುರು ಮಾಡೋರು ಮೋಟೋಕ್ರಾಸ್ ಬೈಕ್ ಬೆಲೆ ನೋಡೋವಾಗ ಒಂದು ಟಾಪ್ ಎಂಡ್ (ಹೆಡ್, ಪಿಸ್ಟನ್) ಕೆಲಸದ ಖರ್ಚನ್ನ ಮೊದಲೇ ಪಕ್ಕಕ್ಕೆ ಇಟ್ಟು ನೋಡಿ, ಆ ದುಡ್ಡು ಕೈಯಲ್ಲಿ ಇಲ್ಲಾಂದ್ರೆ ಆ ಬೈಕ್ ನಿಮ್ಮ ಬಜೆಟ್ಟಲ್ಲಿ ಇಲ್ಲ.

ಫೋರ್ಕ್ ಲೀಕ್ ಮಣ್ಣಿಂದಲೇ ಆಗಿತ್ತು, ಪಟ್ಟಿ ತೂರಿಸಿ ತೆಗೆದ್ಮೇಲೆ ನಿಂತೋಯ್ತು. ಹೆಡ್ ಕೆಲಸ ಆದ್ಮೇಲೆ ಹೊಸ ವಾಲ್ವ್ ಸೀಟಲ್ಲಿ ಕೂತ್ಕೊಳ್ಳೋವಾಗ ಗ್ಯಾಪ್ ಸ್ವಲ್ಪ ಬದಲಾಗುತ್ತೆ ಅಂತ ಕೆಲವು ಗಂಟೆ ಓಡಿಸಿ ಮತ್ತೆ ಅಳೆಸಿದ, ಮಿತಿಯೊಳಗೇ ಇತ್ತು. ಆ ಹಳೇ ಮೀಟರ್ ಕಿತ್ತು ಹೊಸದು ಹಾಕಿದಾನೆ, ರಿಪೇರಿ ಆದ ದಿನದಿಂದ ಸೊನ್ನೆ ಅಂತ ಬಿಲ್ ಜೊತೆ ಒಂದು ಪುಸ್ತಕದಲ್ಲಿ ಬರ್ಕೊಂಡು ಬರ್ತಿದಾನೆ, ಎಣ್ಣೆ ಯಾವಾಗ, ಫಿಲ್ಟರ್ ಯಾವಾಗ, ಗ್ಯಾಪ್ ಎಷ್ಟಿತ್ತು ಎಲ್ಲಾ. ಮುಂದೆ ಮಾರೋವಾಗ ಪುಸ್ತಕಾನೂ ಬೈಕ್ ಜೊತೆ ಕೊಡ್ತಾನಂತೆ.